ನಂದಿ ಏರಿನಲ್ಲಿ ಆಫ್ ಆಗುವ ಹೆರಾಲ್ಡ್: ಬಿಸಿಯಾದಾಗ ಮಾತ್ರ ಕಾಣುವ ದೋಷ ಹುಡುಕುವ ಕ್ರಮ

ಹಳೇ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ದೋಷ ಹೀಗಿರುತ್ತದೆ. ಬೆಳಿಗ್ಗೆ ಒಂದೇ ಸೆಲ್ಫಿಗೆ ಗಾಡಿ ಸ್ಟಾರ್ಟ್ ಆಗುತ್ತದೆ. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆ ದಾಟಿ ಬೆಟ್ಟದ ಬುಡ ಮುಟ್ಟುವವರೆಗೂ ಏನೂ ತಕರಾರಿಲ್ಲ. ಏರು ಶುರುವಾಗಿ ಎರಡನೇ ಗೇರಿನಲ್ಲಿ ಹತ್ತು ನಿಮಿಷ ಎಳೆದ ಮೇಲೆ ಎಂಜಿನ್ ಮುಗ್ಗರಿಸಿ ಆಫ್ ಆಗುತ್ತದೆ. ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಇಪ್ಪತ್ತು ನಿಮಿಷ ನೆರಳಲ್ಲಿ ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಓಡುತ್ತದೆ.

ಹಳೇ ತೆರೆದ ಕಾರು ಕೊಂಡವರನ್ನು ಇದರಷ್ಟು ಕಾಡುವ ದೋಷ ಇನ್ನೊಂದಿಲ್ಲ. ಗ್ಯಾರೇಜಿಗೆ ಒಯ್ದಾಗ ಗಾಡಿ ತಣ್ಣಗಿರುತ್ತದೆ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆಮೇಲೆ ಊಹೆಯ ಮೇಲೆ ಒಂದು ಸಲ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚು ವೋಲ್ಟೇಜ್ ಕೊಡುವ ಸುರುಳಿ), ಇನ್ನೊಂದು ಸಲ ಎಸಿ ಪಂಪು (ಎಸಿ ಕಂಪನಿಯ ಪೆಟ್ರೋಲ್ ಪಂಪು), ಮತ್ತೊಂದು ಸಲ ಕಾರ್ಬೊರೇಟರ್ ಬದಲಾಗುತ್ತವೆ. ದುಡ್ಡು ಖರ್ಚಾಗುತ್ತದೆ, ದೋಷ ಹಾಗೇ ಉಳಿಯುತ್ತದೆ. ಕಾರಣ ಗಾಡಿ ನಿಂತ ಮೊದಲ ಐದು ನಿಮಿಷದಲ್ಲಿ ಮಾತ್ರ ಸಿಗುತ್ತದೆ. ಎಂಜಿನ್ ತಣ್ಣಗಾದರೆ ಸಾಕ್ಷಿಯೂ ಹೋಗುತ್ತದೆ. ಹಾಗಾಗಿ ಕೆಳಗಿನ ಪರೀಕ್ಷೆಗಳೆಲ್ಲ ರಸ್ತೆ ಬದಿಯಲ್ಲಿ, ಬಿಸಿ ಎಂಜಿನ್ ಮೇಲೆ ಮಾಡುವಂಥವು.

ಗಾಡಿಯ ಬಗ್ಗೆ ಎರಡು ಮಾತು. ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು, ರೂಪ ಕೊಟ್ಟವರು ಇಟಲಿಯ ಮಿಕೆಲೊಟ್ಟಿ. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆಸರಿನಲ್ಲಿ ತಯಾರಾಯಿತು, 948 ಸಿಸಿ ಎಂಜಿನ್. ಮಡ್‌ಗಾರ್ಡ್ ಸಮೇತ ಇಡೀ ಬಾನೆಟ್ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಎಂಜಿನ್ ಮೂರು ಕಡೆಯಿಂದಲೂ ಕೈಗೆ ಸಿಗುತ್ತದೆ, ಮುಂದಿನ ಚಕ್ರದ ಮೇಲೇ ಕೂತು ಕೆಲಸ ಮಾಡಬಹುದು. ದೋಷ ಹುಡುಕಲು ಇಷ್ಟು ಅನುಕೂಲವಾದ ಗಾಡಿ ಕಡಿಮೆ. ಚಾಸಿ ಬೇರೆ, ಬಾಡಿ ಬೇರೆ. ಸಲೂನ್‌ನ ಮೇಲ್ಛಾವಣಿಯನ್ನೂ ಬೋಲ್ಟಿನಲ್ಲೇ ಕೂರಿಸಿದ್ದಾರೆ. ಇದರಿಂದ ಏನಾಗಿದೆ ಎಂಬುದು ಕೊಳ್ಳುವ ಭಾಗದಲ್ಲಿ ಬರುತ್ತದೆ.

ಜೊತೆಗೆ ಇಟ್ಟುಕೊಳ್ಳಬೇಕಾದ್ದು

12 ವೋಲ್ಟ್ ಟೆಸ್ಟ್ ಲ್ಯಾಂಪ್, ಸಾಮಾನ್ಯ ಮಲ್ಟಿಮೀಟರ್, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು), ಒಂದು ಹಳೇ ಸ್ಪಾರ್ಕ್ ಪ್ಲಗ್, ಒಂದಡಿ ಉದ್ದದ ವೈರ್ ಬೆಸೆದ ಹೊಸ ಕಂಡೆನ್ಸರ್ (ಕಿಡಿ ಹುಟ್ಟಿಸುವ ಜೋಡಣೆಯ ಪುಟ್ಟ ಡಬ್ಬಿ; ಅಂಬಾಸಿಡರ್‌ಗೆ ಬರುವುದೇ ನಡೆಯುತ್ತದೆ), ಅರ್ಧ ಲೀಟರ್ ಗಟ್ಟಿ ಬಾಟಲಿ, ಎರಡಡಿ ಪಾರದರ್ಶಕ ಪೆಟ್ರೋಲ್ ಪೈಪ್, ಎರಡು ಲೀಟರ್ ನೀರು, ಹತ್ತಿ ಬಟ್ಟೆ. ಜೊತೆಗೆ 1 ಅಥವಾ 2 ಕೆ.ಜಿ.ಯ ಡ್ರೈ ಪೌಡರ್ ಬೆಂಕಿ ನಂದಕ. ಕೊನೆಯದ್ದು ಇಲ್ಲದೆ ಬಿಸಿ ಮ್ಯಾನಿಫೋಲ್ಡ್ ಪಕ್ಕ ಪೆಟ್ರೋಲ್ ಪೈಪ್ ಬಿಚ್ಚಲೇಬೇಡಿ. ಹ್ಯಾಂಡ್ ಬ್ರೇಕ್ ಎಳೆದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ ಮೇಲೆಯೇ ಬಾನೆಟ್ ಎತ್ತಬೇಕು.

ಮೊದಲ ಐದು ನಿಮಿಷ

ಗಾಡಿ ಹೇಗೆ ನಿಂತಿತು ಎಂಬುದನ್ನು ಮೊದಲು ನೆನಪಿಗೆ ತಂದುಕೊಳ್ಳಿ. ಸ್ವಿಚ್ ಆರಿಸಿದ ಹಾಗೆ ಪಟ್ಟನೆ ನಿಂತಿದ್ದರೆ ಕರೆಂಟಿನ ಕಡೆ ಅನುಮಾನ ಹೆಚ್ಚು. ಜಗ್ಗಿ ಜಗ್ಗಿ, ಕಾರ್ಬೊರೇಟರ್ ಬಾಯಿಂದ ಠುಸ್ ಠುಸ್ ಅಂದು, ಆಕ್ಸಿಲರೇಟರ್ ಬಿಟ್ಟಾಗ ಸ್ವಲ್ಪ ಚೇತರಿಸಿಕೊಂಡು, ಮತ್ತೆ ಒತ್ತಿದಾಗ ಸೊರಗಿ ನಿಂತಿದ್ದರೆ ಪೆಟ್ರೋಲ್ ಕಡೆ. ಇದು ಅನುಮಾನವಷ್ಟೇ, ತೀರ್ಪಲ್ಲ. ಸಾಯುತ್ತಿರುವ ಕಂಡೆನ್ಸರ್ ಕೂಡ ಥೇಟ್ ಪೆಟ್ರೋಲ್ ಸಾಲದ ಹಾಗೇ ಜಗ್ಗಿಸುತ್ತದೆ.

ಎರಡನೆಯದು, ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದನ್ನು ಬಿಚ್ಚುವಾಗ ಕಿವಿ ಕೊಡಿ. ಹುಸ್ಸೆಂದು ಗಾಳಿ ಒಳಗೆ ನುಗ್ಗಿದರೆ ಟ್ಯಾಂಕಿನ ಗಾಳಿ ರಂಧ್ರ ಕಟ್ಟಿದೆ. ಕ್ವಾರಿ ದೂಳಿನ ರಸ್ತೆಗಳಲ್ಲಿ ಓಡುವ ಗಾಡಿಗೆ ಇದು ಹೊಸದಲ್ಲ. ಪಂಪು ಎಳೆಯುತ್ತದೆ, ಟ್ಯಾಂಕ್ ಬಿಟ್ಟುಕೊಡುವುದಿಲ್ಲ. ಮುಚ್ಚಳ ತೆಗೆದ ಒಂದೆರಡು ನಿಮಿಷದಲ್ಲಿ ಗಾಡಿ ಸ್ಟಾರ್ಟ್ ಆದರೆ ಕೆಲಸ ಅಲ್ಲಿಗೇ ಮುಗಿಯಿತು. ರಂಧ್ರವನ್ನು ಸಣ್ಣ ತಂತಿಯಿಂದ ಬಿಡಿಸಿ.

ಮೂರನೆಯದು ಕಿಡಿ. ಇದನ್ನು ಪೆಟ್ರೋಲ್ ಪೈಪ್ ಮುಟ್ಟುವ ಮೊದಲೇ ಮಾಡಬೇಕು. ಡೆಲ್ಕೋ (ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಕ್ಯಾಪಿನ ನಡುವಿನ ದಪ್ಪ ವೈರನ್ನು ಎಳೆದು, ಅದರ ತುದಿ ಎಂಜಿನ್ ಬ್ಲಾಕ್‌ನಿಂದ 6 ಮಿ.ಮೀ. ದೂರ ಇರುವ ಹಾಗೆ ಮರದ ಕಡ್ಡಿಗೋ ಪ್ಲಾಸ್ಟಿಕ್ ಪಟ್ಟಿಗೋ ಕಟ್ಟಿ ನಿಲ್ಲಿಸಿ. ಕೈಯಲ್ಲಿ ಹಿಡಿಯಬೇಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಹಗಲಲ್ಲೂ ಕಾಣುವ ನೀಲಿ ಕಿಡಿ, ಚಟ್ ಚಟ್ ಸದ್ದು ಬಂದರೆ ಕಾಯಿಲ್ ತನಕ ಎಲ್ಲ ಸರಿ. ಕೆಂಪು ಅಥವಾ ಹಳದಿಯ ಸಣಕಲು ಕಿಡಿ ಬಂದರೆ, ಇಲ್ಲವೇ ಕಿಡಿಯೇ ಇಲ್ಲದಿದ್ದರೆ, ಕರೆಂಟಿನ ಭಾಗಕ್ಕೆ ಹೋಗಿ.

ನಾಲ್ಕನೆಯದು ಪೆಟ್ರೋಲ್. ಮೊದಲು ಕಾಯಿಲ್‌ಗೆ ಬರುವ ಬಿಳಿ ವೈರನ್ನು ಕಳಚಿ, ಕಿಡಿ ಬರಬಾರದು. ಕಾರ್ಬೊರೇಟರ್ ಹತ್ತಿರ ಪೈಪ್ ಬಿಚ್ಚಿ ತುದಿಯನ್ನು ಬಾಟಲಿಗೆ ಇಳಿಸಿ. ಎಸಿ ಪಂಪಿನ ಪಕ್ಕದಲ್ಲಿರುವ ಸಣ್ಣ ಲಿವರನ್ನು ಕೈಯಿಂದ ಒತ್ತಿ. ಪ್ರತಿ ಒತ್ತಿಗೂ ಪೆನ್ಸಿಲ್ ದಪ್ಪದ ಧಾರೆ ಚಿಮ್ಮಬೇಕು. ಲಿವರ್ ಸಡಿಲವಾಗಿ ಆಡುತ್ತಿದ್ದು ಏನೂ ಬರದಿದ್ದರೆ ಪಂಪು ಹೋಗಿದೆ ಎಂದು ತಕ್ಷಣ ಹೇಳಬೇಡಿ. ಎಂಜಿನ್ ನಿಂತ ಜಾಗದಲ್ಲಿ ಕ್ಯಾಮ್ ಪಂಪಿನ ತೋಳನ್ನು ಪೂರ್ತಿ ಎತ್ತಿ ಹಿಡಿದಿದ್ದರೆ ಕೈ ಲಿವರಿಗೆ ಎಳೆತವೇ ಉಳಿದಿರುವುದಿಲ್ಲ. ಎಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಎಷ್ಟೋ ಒಳ್ಳೆ ಪಂಪುಗಳು ಈ ಒಂದು ಸುತ್ತು ತಿರುಗಿಸದೆ ಗುಜರಿ ಸೇರಿವೆ.

ಈ ಹೊತ್ತಿನಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಬಾಟಲಿಯ ನೀರನ್ನು ಕಾಯಿಲ್, ಪಂಪು, ಪೈಪು ಎಲ್ಲದರ ಮೇಲೂ ಸುರಿಯುವುದು. ಗಾಡಿ ಸ್ಟಾರ್ಟ್ ಆಗಬಹುದು, ಆದರೆ ಯಾವುದರಿಂದ ಆಯಿತು ಎಂದು ಗೊತ್ತಾಗುವುದಿಲ್ಲ. ನಾಳೆ ಅದೇ ತಿರುವಿನಲ್ಲಿ ಮತ್ತೆ ನಿಲ್ಲುತ್ತದೆ. ಒದ್ದೆ ಬಟ್ಟೆ ಒಂದೇ ಕಡೆ ಹಾಕಿ, ಎರಡು ನಿಮಿಷ ಕಾದು ಸೆಲ್ಫ್ ಹೊಡೆಯಿರಿ. ಹಿಡಿಯದಿದ್ದರೆ ಮುಂದಿನ ಜಾಗಕ್ಕೆ ಬಟ್ಟೆ ಬದಲಿಸಿ. ಬಿಸಿ ಮ್ಯಾನಿಫೋಲ್ಡ್ ಮೇಲೆ ಮಾತ್ರ ನೀರು ಬೀಳಬಾರದು, ಎರಕದ ಕಬ್ಬಿಣ ಸೀಳುತ್ತದೆ.

ಕರೆಂಟಿನ ಭಾಗ

ಈ ದೋಷವನ್ನು "ಏರ್ ಲಾಕ್" ಎಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಹಳೇ ಪಾಯಿಂಟ್ ಸಿಸ್ಟಮ್ (ಡೆಲ್ಕೋ ಒಳಗೆ ಮುಚ್ಚಿ ತೆರೆಯುತ್ತ ಕಾಯಿಲಿನ ಕರೆಂಟ್ ಕಡಿಯುವ ಜೋಡಿ ಲೋಹದ ಮುಖಗಳು) ಇರುವ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಕರೆಂಟನ್ನೇ.

ಬ್ಯಾಟರಿಯ ಯಾವ ತುದಿ ಬಾಡಿಗೆ ಹೋಗಿದೆ ನೋಡಿ. ಇಂಗ್ಲೆಂಡಿನ ಆ ಕಾಲದ ಗಾಡಿಗಳು ಪಾಸಿಟಿವ್ ಅರ್ಥ್. ನಮ್ಮಲ್ಲಿ ಹಲವನ್ನು ನೆಗೆಟಿವ್‌ಗೆ ತಿರುಗಿಸಿದ್ದಾರೆ, ಆದರೆ ಕಾಯಿಲ್ ವೈರ್ ಅದಲುಬದಲು ಮಾಡುವುದನ್ನು ಮರೆತಿದ್ದಾರೆ. ನೆಗೆಟಿವ್ ಅರ್ಥ್ ಇದ್ದರೆ ಡೆಲ್ಕೋಗೆ ಹೋಗುವ ವೈರ್ ಕಾಯಿಲಿನ ಮೈನಸ್ ತುದಿಯಲ್ಲಿರಬೇಕು, ಪಾಸಿಟಿವ್ ಅರ್ಥ್ ಇದ್ದರೆ ಪ್ಲಸ್ ತುದಿಯಲ್ಲಿ. ಉಲ್ಟಾ ಇದ್ದರೂ ಗಾಡಿ ಓಡುತ್ತದೆ. ಆದರೆ ಪ್ಲಗ್ಗಿನಲ್ಲಿ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸಮತಟ್ಟು ರಸ್ತೆಯಲ್ಲಿ ಅದು ಗೊತ್ತಾಗುವುದಿಲ್ಲ, ಏರಿನಲ್ಲಿ ಲೋಡ್ ಬಿದ್ದಾಗ ಮಿಸ್ಸಿಂಗ್ ಶುರುವಾಗುತ್ತದೆ.

ಈಗ ಟೆಸ್ಟ್ ಲ್ಯಾಂಪ್. ಕ್ಲಿಪ್ಪನ್ನು ಬಾಡಿಗೆ ಹಾಕಿ, ಸ್ವಿಚ್ ಆನ್ ಮಾಡಿ, ಮೊನೆಯನ್ನು ಕಾಯಿಲಿಗೆ ಬಿಳಿ ವೈರ್ ಬರುವ ತುದಿಗೆ ಮುಟ್ಟಿಸಿ. ಲ್ಯಾಂಪ್ ಉರಿಯದಿದ್ದರೆ ಅಥವಾ ಮಂಕಾಗಿ ಉರಿದರೆ ದೋಷ ಹಿಂದೆ, ಇಗ್ನಿಷನ್ ಸ್ವಿಚ್‌ನಲ್ಲೋ ವೈರ್ ಜೋಡಣೆಯಲ್ಲೋ ಇದೆ. ಬಿಳಿ ವೈರಿಗೆ ಫ್ಯೂಸ್ ಇರುವುದಿಲ್ಲ, ಅದನ್ನು ಹುಡುಕುತ್ತ ಕೂರಬೇಡಿ. ತೆರೆದ ಗಾಡಿಗೆ ಈ ಜಾಗ ವಿಶೇಷವಾಗಿ ಮುಖ್ಯ. ಡ್ಯಾಶ್‌ಬೋರ್ಡ್ ಮೇಲೆ ವರ್ಷಗಟ್ಟಲೆ ಬಿಸಿಲು ಬಿದ್ದಿರುತ್ತದೆ, ಹುಡ್ (ಮಡಿಸುವ ಮೇಲ್ಹೊದಿಕೆ) ಸೋರಿ ಮಳೆ ನೀರು ಸ್ವಿಚ್ಚಿನ ಬೆನ್ನಿಗೆ ಇಳಿದಿರುತ್ತದೆ. ಒಳಗಿನ ಹಿತ್ತಾಳೆ ಹಸಿರುಗಟ್ಟಿ, ಕರೆಂಟ್ ಹರಿದಂತೆಲ್ಲ ಬಿಸಿಯಾಗಿ ಇನ್ನಷ್ಟು ತಡೆಯುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಅಲ್ಲದ ತುದಿಗೆ, ಇನ್ನೊಂದು ಕಾಯಿಲ್ ತುದಿಗೆ ಇಟ್ಟು, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಓದಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಸ್ವಿಚ್ಚು, ಬುಲೆಟ್ ಕನೆಕ್ಟರ್‌ಗಳನ್ನು ಬಿಚ್ಚಿ ಉಜ್ಜಿ, ಇಲ್ಲವೇ ಬದಲಿಸಿ.

ಅಲ್ಲಿ ಸರಿಯಿದ್ದರೆ ಲ್ಯಾಂಪನ್ನು ಕಾಯಿಲಿನ ಇನ್ನೊಂದು ತುದಿಗೆ, ಬಿಳಿ-ಕಪ್ಪು ವೈರ್ ಇರುವ ಕಡೆಗೆ ಹಿಡಿದು ಸೆಲ್ಫ್ ಹೊಡೆಸಿ. ಲ್ಯಾಂಪ್ ಹತ್ತಿ ಆರಿ ಮಿನುಗಬೇಕು. ಹತ್ತಿಕೊಂಡೇ ಇದ್ದರೆ ಪಾಯಿಂಟ್ ಮುಚ್ಚಿಕೊಳ್ಳುತ್ತಿಲ್ಲ, ಅಥವಾ ಡೆಲ್ಕೋ ಒಳಗಿನ ವೈರ್ ಕಡಿದಿದೆ. ಹತ್ತುವುದೇ ಇಲ್ಲವಾದರೆ ಪಾಯಿಂಟ್ ತೆರೆದುಕೊಳ್ಳುತ್ತಿಲ್ಲ, ಅಥವಾ ಕಂಡೆನ್ಸರ್ ಶಾರ್ಟ್, ಅಥವಾ ಒಳಗಿನ ವೈರ್ ಬಾಡಿಗೆ ತಗುಲಿದೆ, ಅಥವಾ ಕಾಯಿಲ್ ಸುರುಳಿಯೇ ತುಂಡಾಗಿದೆ.

ಡೆಲ್ಕೋ ಒಳಗಿನ ಆ ಪುಟ್ಟ ವೈರನ್ನು ಹತ್ತಿರದಿಂದ ನೋಡಬೇಕು. ಎರಡಂಗುಲವೂ ಇರುವುದಿಲ್ಲ. ಕಿಡಿಯ ಹೊತ್ತನ್ನು ಹಿಂದೆ ಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ತಟ್ಟೆ ಆಡಿದಾಗಲೆಲ್ಲ ಅದೂ ಬಾಗುತ್ತದೆ. ಹೊರಗೆ ಬಟ್ಟೆಯ ಹೊದಿಕೆ ಗಟ್ಟಿಯಾಗಿದ್ದು ಒಳಗೆ ತಾಮ್ರದ ಎಳೆಗಳು ಒಂದೊಂದಾಗಿ ಕಡಿದು, ಕೊನೆಗೆ ತುದಿಗೆ ತುದಿ ತಾಗಿಕೊಂಡಷ್ಟೇ ಇರುತ್ತದೆ. ಬೆರಳಿನಿಂದ ಮೆಲ್ಲಗೆ ಎಳೆದರೆ ಒಳ್ಳೆಯ ವೈರ್ ಬಿಗಿಯಾಗಿರುತ್ತದೆ, ಕಡಿದದ್ದು ರಬ್ಬರಿನಂತೆ ಹಿಗ್ಗುತ್ತದೆ. ಮನೆಯ ವೈರಿಂಗಿನ ಗಟ್ಟಿ ತಂತಿ ಅಲ್ಲಿಗೆ ಹಾಕಬೇಡಿ, ಸಣ್ಣ ಎಳೆಗಳ ಮೆತ್ತನೆ ವೈರೇ ಬೇಕು. ತಟ್ಟೆಯಿಂದ ಡೆಲ್ಕೋ ಬಾಡಿಗೆ ಹೋಗುವ ಅರ್ಥ್ ಎಳೆಯನ್ನೂ ಇದೇ ರೀತಿ ಪರೀಕ್ಷಿಸಿ.

ಕಂಡೆನ್ಸರ್ ಬಿಸಿಗೆ ಸೋಲುವ ಭಾಗಗಳಲ್ಲಿ ಮೊದಲನೆಯದು. ಇದರ ಲಕ್ಷಣ: ಕಿಡಿ ಹಳದಿ, ಪಾಯಿಂಟ್ ತೆರೆಯುವಾಗ ಅಲ್ಲೇ ಜೋರು ಕಿಡಿ, ಪಾಯಿಂಟ್ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಮೊಳೆಯಂಥ ಗುಬ್ಬಿ. ಅಳತೆ ಸುಮಾರು 0.2 ಮೈಕ್ರೋಫ್ಯಾರಡ್ ಇರಬೇಕು, ಆದರೆ ತಣ್ಣಗಿದ್ದಾಗ ಅಳೆದು ನಂಬಬೇಡಿ. ಹಳೇ ಕಂಡೆನ್ಸರಿನ ವೈರ್ ಬಿಡಿಸಿ, ವೈರ್ ಬೆಸೆದು ತಂದ ಹೊಸದನ್ನು ಕಾಯಿಲಿನ ಡೆಲ್ಕೋ ತುದಿಗೂ ಬಾಡಿಗೂ ಕಟ್ಟಿ. ಗಾಡಿ ಆಗಲೇ ಹಿಡಿದರೆ ಬೇರೆ ಸಾಕ್ಷಿ ಬೇಡ. ಅದೇ ಕಟ್ಟಿನಲ್ಲಿ ಮನೆಗೂ ಹೋಗಬಹುದು.

ಕಾಯಿಲ್ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ, ಕೈ ಇಡಲಾಗದಷ್ಟು ಸುಡುವುದು ಸಹಜವಲ್ಲ. ವೈರ್ ಬಿಚ್ಚಿ ಎರಡು ಸಣ್ಣ ತುದಿಗಳ ನಡುವೆ ಓಮ್ ಅಳೆಯಿರಿ. ಈ ಗಾಡಿಗೆ ಸುಮಾರು 3 ಓಮ್ ಬೇಕು. 1.5 ಓಮ್ ತೋರಿಸಿದರೆ ಬ್ಯಾಲಸ್ಟ್ ರೆಸಿಸ್ಟರ್ (ಕರೆಂಟ್ ತಗ್ಗಿಸುವ ತಡೆ) ಜೊತೆ ಬಳಸುವ ಕಾಯಿಲನ್ನು ರೆಸಿಸ್ಟರ್ ಇಲ್ಲದೆ ಹಾಕಿದ್ದಾರೆ. 3 ಓಮಿಗೆ 12 ವೋಲ್ಟಿನಲ್ಲಿ 4 ಆಂಪಿಯರ್ ಹರಿಯುತ್ತದೆ, 1.5 ಓಮಿಗೆ 8 ಆಂಪಿಯರ್. ಇಮ್ಮಡಿ ಬಿಸಿ, ಪಾಯಿಂಟ್‌ಗೂ ಇಮ್ಮಡಿ ಸುಡುವಿಕೆ. ಅಂಗಡಿಯಲ್ಲಿ "12 ವೋಲ್ಟ್ ಕಾಯಿಲ್" ಎಂದು ಕೇಳಿದರೆ ಎರಡೂ ಬಗೆ ಸಿಗುತ್ತವೆ, ಹಾಗಾಗಿ ಮೀಟರ್ ಹಿಡಿದೇ ಕೊಳ್ಳಿ. ಎಂಜಿನ್ ಓಡದೆ ಸ್ವಿಚ್ ಮಾತ್ರ ಆನ್ ಇಟ್ಟು ಹುಡ್ ಮಡಿಸುತ್ತ ನಿಲ್ಲುವುದೂ ಕಾಯಿಲ್ ಸುಡಲು ಕಾರಣ.

ನಡುವೈರಿನಲ್ಲಿ ಒಳ್ಳೆ ನೀಲಿ ಕಿಡಿ ಇದ್ದೂ ಪ್ಲಗ್‌ಗೆ ಬರದಿದ್ದರೆ ರೋಟರ್ ನೋಡಿ, ಅಂದರೆ ಡೆಲ್ಕೋ ಕ್ಯಾಪಿನೊಳಗೆ ತಿರುಗುತ್ತ ಕಿಡಿ ಹಂಚುವ ತುಂಡು. ಕ್ಯಾಪ್ ತೆಗೆದು, ನಡುವೈರಿನ ತುದಿಯನ್ನು ರೋಟರಿನ ಹಿತ್ತಾಳೆಯಿಂದ 3 ಮಿ.ಮೀ. ಮೇಲೆ ನಿಲ್ಲಿಸಿ ಸೆಲ್ಫ್ ಹೊಡೆಸಿ. ಒಂದೇ ಸಮ ಕಿಡಿ ಹಾರಿದರೆ ರೋಟರಿನ ಬೇಕಲೈಟ್ ತೂತಾಗಿ ಕರೆಂಟ್ ಕೆಳಗಿನ ಶಾಫ್ಟ್‌ಗೆ ಸೋರುತ್ತಿದೆ. ಹೊಸ ರೋಟರ್‌ಗಳಲ್ಲಿ ಹಿತ್ತಾಳೆಯನ್ನು ರಿವೆಟ್ ಹೊಡೆದು ಕೂರಿಸಿದ ಕಳಪೆ ಮಾಲು ಬರುತ್ತದೆ. ರಿವೆಟ್ ಶಾಫ್ಟಿಗೆ ಹತ್ತಿರವಾಗಿ ಬಿಸಿಯಲ್ಲಿ ಅದೇ ಸೋರುದಾರಿಯಾಗುತ್ತದೆ. ರಿವೆಟ್ ಇಲ್ಲದೆ ಅಚ್ಚಿನಲ್ಲೇ ಕೂರಿಸಿದ್ದನ್ನು ಹುಡುಕಿ ತನ್ನಿ.

ಕಿಡಿ ಪರೀಕ್ಷೆ ಮುಗಿದ ಮೇಲೆ ಪಾಯಿಂಟ್ ಗ್ಯಾಪ್ 0.38 ಮಿ.ಮೀ., ಅಂದರೆ 15 ಥೌಗೆ (ಇಂಚಿನ ಸಾವಿರದಲ್ಲಿ 15 ಭಾಗ) ಇಡಿ. ಡೆಲ್ಕೋ ಶಾಫ್ಟನ್ನು ಬೆರಳಿಂದ ಪಕ್ಕಕ್ಕೆ ಒತ್ತಿ ನೋಡಿ. ಅಲ್ಲಾಡಿದರೆ ಬುಷ್ ಸವೆದಿದೆ, ಗ್ಯಾಪ್ ಎಷ್ಟು ಸಲ ಇಟ್ಟರೂ ನಿಲ್ಲುವುದಿಲ್ಲ.

ಪೆಟ್ರೋಲಿನ ಭಾಗ

ಕಿಡಿ ನೀಲಿಯಾಗಿದೆ, ಆದರೆ ಪೈಪಿನಲ್ಲಿ ಬರೀ ಗುಳ್ಳೆ ಅಥವಾ ನೊರೆ ಬರುತ್ತಿದೆ ಎಂದಾದರೆ ಆಗ ಏರ್ ಲಾಕ್ ಅನ್ನಬಹುದು. ನಿಜದಲ್ಲಿ ಅದು ಗಾಳಿಯಲ್ಲ, ಪೈಪಿನೊಳಗೇ ಕುದಿದ ಪೆಟ್ರೋಲಿನ ಆವಿ. ಬೆಟ್ಟದ ಬುಡ ಸುಮಾರು 900 ಮೀಟರ್ ಎತ್ತರದಲ್ಲಿದೆ, ನಂದಿಯ ತುದಿ 1,478 ಮೀಟರ್. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ, ಪೆಟ್ರೋಲ್ ಇನ್ನೂ ಕಡಿಮೆ ಬಿಸಿಗೇ ಆವಿಯಾಗುತ್ತದೆ. ವೇಗ ಕಡಿಮೆಯಾದ್ದರಿಂದ ರೇಡಿಯೇಟರ್ ಮೂಲಕ ಬರುವ ಗಾಳಿಯೂ ಕಡಿಮೆ, ಎಂಜಿನ್ ಮಾತ್ರ ಪೂರ್ತಿ ಎಳೆಯುತ್ತಿರುತ್ತದೆ. ಹೆರಾಲ್ಡಿನಲ್ಲಿ ಕಾರ್ಬೊರೇಟರ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇರುವ ಬದಿಯಲ್ಲೇ ಕೂತಿದೆ; ಪಂಪು ಎಂಜಿನ್ ಬ್ಲಾಕಿಗೇ ಬೋಲ್ಟ್ ಆಗಿದೆ.

ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪನ್ನೇ ಎಲ್ಲರೂ ದೂರುತ್ತಾರೆ. ಅಲ್ಲಿ ಪಂಪಿನ ಒತ್ತಡವಾದರೂ ಇದೆ. ಪಂಪಿಗೆ ಬರುವ ಪೈಪಿನಲ್ಲಿ ಇರುವುದು ಎಳೆತ. ಎಳೆತವಿದ್ದ ಕಡೆ ಪೆಟ್ರೋಲ್ ಬೇಗ ಕುದಿಯುತ್ತದೆ. ಆದ್ದರಿಂದ ಮೊದಲು ಟ್ಯಾಂಕಿನಿಂದ ಪಂಪಿನವರೆಗಿನ ದಾರಿ ನೋಡಬೇಕು. ಎಕ್ಸಾಸ್ಟ್ ಪೈಪಿಗೆ ಹತ್ತಿರ ಹೋಗಿದೆಯೇ? ಚಾಸಿಗೆ ಕಚ್ಚಿ ಕೂತಿದೆಯೇ? ಕೊನೆಯ ರಬ್ಬರ್ ಪೈಪ್ ಗಡುಸಾಗಿದೆಯೇ? ಗಡುಸಾದ ರಬ್ಬರ್ ಹೊರಗೆ ಒಂದು ತೊಟ್ಟೂ ಸೋರದೆ ಒಳಗೆ ಗಾಳಿ ಎಳೆದುಕೊಳ್ಳುತ್ತದೆ, ಬಿಸಿಗೆ ಸಡಿಲವಾದಾಗ ಇನ್ನೂ ಹೆಚ್ಚು. ಅನುಮಾನವಿದ್ದರೆ ಪಂಪಿನ ಒಳಬಾಯಿಗೆ ಪಾರದರ್ಶಕ ಪೈಪನ್ನು ಪರೀಕ್ಷೆಗಷ್ಟೇ ಹಾಕಿ ಓಡಿಸಿ. ತಣ್ಣಗಿದ್ದಾಗಲೂ ಗುಳ್ಳೆ ಬಂದರೆ ಗಾಳಿ ಸೋರಿಕೆ. ಬಿಸಿಯಾದ ಮೇಲಷ್ಟೇ ಬಂದರೆ ಆವಿ.

ಈಗ ಬಂಕುಗಳಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್. ಅರವತ್ತರ ದಶಕದ ರಬ್ಬರು, ಪಂಪಿನ ಡಯಾಫ್ರಾಮ್, ಕಾರ್ಕ್ ಗ್ಯಾಸ್ಕೆಟ್ ಇದಕ್ಕೆ ತಯಾರಾದವಲ್ಲ. ಎಥನಾಲ್ ಟ್ಯಾಂಕಿನ ಹಳೇ ಅಂಟನ್ನು ಕರಗಿಸಿ ಪಂಪಿನ ಜಾಲರಿಗೆ ತಂದು ತುಂಬುತ್ತದೆ, ನೀರನ್ನೂ ಹೀರುತ್ತದೆ. ಬರೀ ಪೆಟ್ರೋಲಿಗೆ ಹೊಂದಿಸಿದ ಜೆಟ್‌ನಲ್ಲಿ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ರಂಧ್ರ) ಮಿಶ್ರಣ ತೆಳುವಾಗಿ ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಮಾಡಬೇಕಾದ್ದು ಇಷ್ಟು: ಎಸ್‌ಎಇ ಜೆ30 ಆರ್9 ಗುರುತಿರುವ ಪೈಪನ್ನೇ ಎಲ್ಲ ಕಡೆ ಹಾಕಿಸಿ, ಎಥನಾಲ್ ತಡೆಯುವ ಡಯಾಫ್ರಾಮ್ ಕಿಟ್ ಹಾಕಿಸಿ, ಪ್ಲಗ್ ಬಿಳುಚಿಕೊಂಡಿದ್ದರೆ ಮೇನ್ ಜೆಟ್ ಒಂದು ಅಳತೆ ಮೇಲಕ್ಕೆ ಹೋಗಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಹಳೇ ಪೆಟ್ರೋಲ್ ಉಳಿಸಬೇಡಿ.

ಪಂಪಿಗೂ ಬ್ಲಾಕಿಗೂ ನಡುವೆ ದಪ್ಪ ಫೈಬರ್ ಪ್ಯಾಕಿಂಗ್ ಹಾಕುವುದು, ಕಾರ್ಬೊರೇಟರ್ ಕೆಳಗೆ ಅಲ್ಯೂಮಿನಿಯಂ ತಗಡಿನ ಅಡ್ಡ ಕೊಡುವುದು, ಥರ್ಮೋಸ್ಟಾಟ್ ಹೌಸಿಂಗ್‌ಗೆ ತಾಗಿಕೊಂಡು ಹೋಗುವ ಪೈಪನ್ನು ಎರಡಂಗುಲ ದೂರ ಸರಿಸುವುದು ಫಲ ಕೊಡುತ್ತವೆ. ಫೈಬರ್ ಹೆಚ್ಚು ದಪ್ಪವಾದರೆ ಪಂಪಿನ ತೋಳು ಕ್ಯಾಮ್‌ನಿಂದ ದೂರ ಸರಿದು ಹೊಡೆತ ಕಡಿಮೆಯಾಗುತ್ತದೆ ಎಂಬುದು ನೆನಪಿರಲಿ. ಪೈಪಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸುವ ಹಳೇ ಉಪಾಯದಿಂದ ಹೇಳಿಕೊಳ್ಳುವಂಥ ಲಾಭವಿಲ್ಲ.

ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಬಿಸಿಯಲ್ಲಿ ಹಿಡಿಯುತ್ತಿಲ್ಲ ಎಂದರೆ ಒಂದು ಪ್ಲಗ್ ಬಿಚ್ಚಿ. ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಫ್ಲೋಟ್ ಚೇಂಬರಿನ (ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲು) ಪೆಟ್ರೋಲ್ ಕುದಿದು ಉಕ್ಕಿ ಸಿಲಿಂಡರಿಗೆ ಇಳಿದಿದೆ. ಚೋಕ್ ಮುಟ್ಟದೆ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ; ಪಂಪ್ ಮಾಡಬೇಡಿ. ಪ್ಲಗ್ ಒಣಗಿದ್ದು ಎಂಜಿನ್ ಮಿತಿಮೀರಿ ಬಿಸಿಯಾಗಿದ್ದರೆ ಕಿಡಿಯ ಟೈಮಿಂಗ್ ಹಿಂದೆ ಬಿದ್ದಿದೆಯೇ, ವ್ಯಾಕ್ಯೂಮ್ ಡಯಾಫ್ರಾಮ್ ಹರಿದಿದೆಯೇ ನೋಡಿ. ವಾಲ್ವ್ ಗ್ಯಾಪ್ ತಣ್ಣಗಿದ್ದಾಗ 0.25 ಮಿ.ಮೀ. ಇರಬೇಕು, ಅದಕ್ಕಿಂತ ಬಿಗಿಯಾಗಿದ್ದರೆ ಬಿಸಿಯಲ್ಲಿ ವಾಲ್ವ್ ಪೂರ್ತಿ ಕೂರದೆ ಕಂಪ್ರೆಷನ್ ಹೋಗುತ್ತದೆ.

ಕೊಳ್ಳುವ ಮೊದಲು ಇದೇ ದೋಷ ಹಿಡಿಯುವುದು

ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ, ಬಾನೆಟ್ ಎತ್ತಿ ಕೈಯಿಂದ ಮುಟ್ಟಿ ಖಚಿತ ಮಾಡಿಕೊಳ್ಳಿ. ಹತ್ತು ನಿಮಿಷದ ಸುತ್ತು ಸಾಲದು. ಕನಿಷ್ಠ 40 ನಿಮಿಷ, ಅದರಲ್ಲಿ ಒಂದಷ್ಟು ಏರು ಇರುವ ಹಾಗೆ ಓಡಿಸಿ. ಬಂದ ಮೇಲೆ ಆಫ್ ಮಾಡಿ, ಬಾನೆಟ್ ಮುಚ್ಚಿಯೇ 15 ನಿಮಿಷ ಬಿಡಿ. ಗಾಡಿ ನಿಂತ ಮೇಲೆ ಗಾಳಿ ಇಲ್ಲದೆ ಬಾನೆಟ್ ಒಳಗಿನ ಬಿಸಿ ಇನ್ನೂ ಏರುತ್ತದೆ, ದೋಷ ಹೊರಬೀಳುವುದು ಆಗಲೇ.

ನಮ್ಮ ಕಡೆ ಕಾಣುವ ತೆರೆದ ಹೆರಾಲ್ಡ್‌ಗಳಲ್ಲಿ 1960ರಿಂದ ಇಂಗ್ಲೆಂಡಿನಲ್ಲಿ ತೆರೆದದ್ದಾಗಿಯೇ ತಯಾರಾದವು ಬೇರೆ, ಸಲೂನಿನ ಛಾವಣಿಯ ಬೋಲ್ಟ್ ಬಿಚ್ಚಿ ರೆಕ್ಸಿನ್ ಹುಡ್ ಹಾಕಿದವು ಬೇರೆ. ಎರಡನೆಯದರಲ್ಲಿ ಬಾಗಿಲಿನ ಸಂದು ಮೇಲೊಂದು ಕೆಳಗೊಂದು ಅಳತೆಯಲ್ಲಿದ್ದರೆ ಚಾಸಿಯ ಪಕ್ಕದ ತೋಳುಗಳು ತುಕ್ಕು ಹಿಡಿದು ಬಾಗಿರಬಹುದು. ಆರ್‌ಸಿಯಲ್ಲಿ ಬಾಡಿ ಬಗೆ ಏನು ಬರೆದಿದೆ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಗೂ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು, ಮತ್ತು ಆ ನೋಂದಣಿಯ ಗಾಡಿಯನ್ನು ದಿನಬಳಕೆಗೆ ಓಡಿಸುವಂತಿಲ್ಲ.

ದೋಷಕ್ಕೆ ಸಂಬಂಧವಿಲ್ಲದಿದ್ದರೂ ಒಂದನ್ನು ಬಿಡಲಾಗದು. ಮುಂದಿನ ಚಕ್ರದ ಕೆಳಗಿನ ಟ್ರನಿಯನ್‌ಗೆ (ಚಕ್ರ ತಿರುಗಲು ಆಧಾರವಾದ ಥ್ರೆಡ್ ಇರುವ ಕೀಲು) ಗ್ರೀಸ್ ಅಲ್ಲ, 90 ನಂಬರ್ ಗೇರ್ ಆಯಿಲ್ ಹೊಡೆಯಬೇಕು. ಗ್ರೀಸ್ ಥ್ರೆಡ್ಡಿನ ತಳ ಮುಟ್ಟುವುದಿಲ್ಲ; ಒಳಗೆ ನೀರು ನಿಂತು ತುಕ್ಕು ಹಿಡಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ನಂದಿ ಇಳಿಜಾರಿನ ತಿರುವಿನಲ್ಲಿ ಅದು ಆಗಬಾರದು.

ರಿಪೇರಿ ಆದ ಮೇಲೆ

ದೋಷ ಬಂದ ಹೊತ್ತಿನಲ್ಲೇ, ಅಂಥದೇ ಬಿಸಿಲಿನಲ್ಲಿ, ಅದೇ ಏರು ಹತ್ತಿಸಿ. ಮೇಲೆ ಹೋಗಿ ಆಫ್ ಮಾಡಿ, 15 ನಿಮಿಷ ಬಾನೆಟ್ ಮುಚ್ಚಿ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಇದನ್ನು ಎರಡು ಬೇರೆ ದಿನ ಮಾಡಿ. ಆಮೇಲೆ ಪಾಯಿಂಟ್ ಗ್ಯಾಪು, ಕಾಯಿಲಿನ ಓಮು, ಬ್ಯಾಟರಿಯ ಯಾವ ತುದಿ ಅರ್ಥ್, ಬದಲಿಸಿದ ಭಾಗ, ದಿನಾಂಕ, ಇಷ್ಟನ್ನೂ ಒಂದು ರಟ್ಟಿನ ಮೇಲೆ ಬರೆದು ಬಾನೆಟ್ ಒಳಗೆ ಕಟ್ಟಿಡಿ. ಮುಂದಿನ ಸಲ ಗಾಡಿ ಮುಟ್ಟುವ ಮೆಕ್ಯಾನಿಕ್ ಬೇರೆಯವರಿರಬಹುದು.